ಹೆದರಿಕೆ ಕಾಳು

ಸತ್ತವರನ್ನೆಲ್ಲ ದೇವರು ಮಾಡುವ ಅಭ್ಯಾಸ ನನಗಿಲ್ಲ. ಸಕಲೇಶಪುರದ ಮಂಡಿ ಸಾಹೇಬರು ಹೋದ ಆಷಾಢದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನದಿಂದ ನಮ್ಮೂರಿನವರ ಬಾಯಲ್ಲಿ ಅವರು ಅಪರಂಜಿ ಆಗಿಬಿಟ್ಟರು. ಬದುಕಿದ್ದಾಗ ಇದೇ ಜನ, 'ಆ ಮುದುಕ ಬಿಸಿಲಲ್ಲಿ ಒಣಗಿ ಕಲ್ಲಾದ ಕಾಫೀಗೂ ತೇವ ಐತೆ ಅಂತ ತೂಕ ಮುರೀತಾನೆ' ಎಂದು ಬೈಯುತ್ತಿದ್ದರು. ಮುರಿಯುತ್ತಿದ್ದುದು ನಿಜ. ನನ್ನದೂ ಮುರಿದಿದ್ದಾರೆ, ನಾನೂ ಬೈದಿದ್ದೇನೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಬೇಜಾರು ಬೇರೆಯದು.

ಕಾಫಿ, ಮೆಣಸು ಕೊಳ್ಳುವ ಅಂಗಡಿಗೆ ನಮ್ಮ ಕಡೆ ಮಂಡಿ ಎನ್ನುತ್ತೇವೆ. ಅವರದು ಪೇಟೆಯ ಹಳೆಯ ಮಂಡಿ. ಮುಂದೆ ಒಂದು ಉದ್ದ ಬೆಂಚು, ಪಕ್ಕದಲ್ಲಿ ಚಾ ಅಂಗಡಿ, ಹಿಂದೆ ಪರದೆ, ಪರದೆಯ ಹಿಂದೆ ತೂಕದ ಚೀಟಿ ಬರೆಯುವ ಮಗಳು. ನಮ್ಮ ತೋಟ ಇರುವುದು ಬೆಳಗೋಡಿನಿಂದ ಮೇಲಕ್ಕೆ ಹೋಗಿ ಕಾಡು ಮುಟ್ಟುವ ಕಡೆ. ಅಲ್ಲಿಗೂ ಅವರು ವರ್ಷಕ್ಕೊಮ್ಮೆ ಬರುತ್ತಿದ್ದರು. ತೆಳ್ಳಗಿನ ಮನುಷ್ಯ. ತಲೆಗೆ ಬಿಳಿ ಟೋಪಿ, ಹೆಗಲಿಗೆ ಟವೆಲು, ಸುಡುವ ಬಿಸಿಲಲ್ಲೂ ಕೈಯಲ್ಲಿ ಕೊಡೆ. ಕೊಡೆ ತಲೆಗಲ್ಲ. ಅದರ ಕೊಕ್ಕೆಯಿಂದ ಕಾಫಿ ಗಿಡದ ರೆಂಬೆ ಬಗ್ಗಿಸಿ, ಮೂಗಿನ ಹತ್ತಿರ ತಂದು, ಬಿಟ್ಟು, ಮುಂದೆ ಹೋಗುತ್ತಿದ್ದರು. ನಾಯಿ ಕಂಡರೆ ಅವರಿಗಾಗದು. ನಮ್ಮ ನಾಯಿಗೆ ಮಾತ್ರ ಅವರೆಂದರೆ ಪ್ರಾಣ. 'ಅಮ್ಮ, ನಿಮ್ ನಾಯೀನ ಕರೀರಿ, ನಮಾಜ್ ಮಾಡೋ ಬಟ್ಟೆ' ಎಂದು ಕೊಡೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದ ರೂಪು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಮನೆಯಲ್ಲಿ ಕಾಫಿ ಕೊಟ್ಟರೆ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡುತ್ತಿದ್ದರು.

"ಒಳ್ಳೇದನ್ನ ನನಗ್ ಮಾರ್ತೀರ, ನೆಲಕ್ ಉದುರಿದ್ದನ್ನ ನೀವ್ ಕುಡೀತೀರ. ಬಂದೋನಿಗೂ ಅದನ್ನೇ ಕುಡಿಸ್ತೀರಲ್ಲ ಮಾರಾಯ್ತಿ."

"ಒಳ್ಳೇ ರೇಟು ಕೊಡಿ ಸಾಹೇಬ್ರೆ, ಒಳ್ಳೇದೇ ಕುಡಿಸ್ತೀನಿ."

"ಒಳ್ಳೇ ರೇಟು ಕೊಟ್ರೆ ಈ ಉದುರಿದ್ದನ್ನೂ ಮಾರ್ತೀರ ಬುಡಿ."

ಹೋಗುವಾಗ ಒಂದು ಮಾತು ತಪ್ಪದೆ ಕೇಳುತ್ತಿದ್ದರು. ಈ ಸಲ ಆನೆ ಎಷ್ಟು ಬಂದವು, ಯಾವ ಕಡೆಯಿಂದ ಇಳಿದವು. ಮಳೆ ಬಗ್ಗೆ ಕೇಳಿದರೆ ಹೇಳುವಷ್ಟೇ ಸಲೀಸಾಗಿ ನಾವು ಹೇಳಿ ಕಳುಹಿಸುತ್ತಿದ್ದೆವು.

ಬಡ್ಡಿ ಎಂಬ ಪದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಅವರ ಧರ್ಮದಲ್ಲಿ ಅದು ಕೂಡದು. ಅವರು ಸಾಲವನ್ನೇ ಕೊಡುತ್ತಿರಲಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ಮೇಲೆ, ಮುಂದಿನ ಸುಗ್ಗಿಗೆ ಬರಬೇಕಾದ ಕಾಫಿಯನ್ನು ಅಂದೇ ಕೊಂಡುಬಿಡುತ್ತಿದ್ದರು. ದುಡ್ಡು ಅಂದೇ ಕೈಗೆ. ರೆಂಬೆ ಸವರುವ ಕಪಾತು, ಗೊಬ್ಬರ, ಆಳಿನ ಕೂಲಿ ಎಲ್ಲ ಅದರಲ್ಲೇ ನಡೆಯಬೇಕು. ಇದಕ್ಕೆ ಹೂವಿನ ರೇಟು ಎಂದು ಹೆಸರು. ಸುಗ್ಗಿಯ ರೇಟಿಗಿಂತ ಅದು ಕಡಿಮೆ. ಎಷ್ಟು ಕಡಿಮೆ ಮಾಡಬೇಕು, ಯಾರಿಗೆ ಮಾಡಬೇಕು ಎಂಬುದೇ ಅವರ ಇಡೀ ವಿದ್ಯೆ.

"ಇದು ಬಡ್ಡಿ ಅಲ್ದೆ ಇನ್ನೇನು ಸಾಹೇಬ್ರೆ?" ಎಂದು ನಾನು ಒಮ್ಮೆ ನೇರವಾಗಿ ಕೇಳಿದ್ದೆ.

ಅವರು ಸಿಟ್ಟಾಗಲಿಲ್ಲ. "ಬಡ್ಡಿಯವ್ನು ಏನಂತಾನೆ? ನಿನ್ ಹೂವು ಉದುರಿದ್ರೂ ಸೈ, ಗಿಡ ಮುರಿದ್ರೂ ಸೈ, ನನ್ನದನ್ನ ಮಡಗು ಅಂತಾನೆ. ನಾನು ಹಂಗನ್ನಲ್ಲ. ನಿಮ್ ಹೂವು ಉದುರಿದ್ರೆ ನನ್ ದುಡ್ಡೂ ಉದುರ್ತು. ಆ ಹೆದರಿಕೆ ಐತಲ್ಲ, ಅದಕ್ಕೊಂದು ಬೆಲೆ ಬೇಡ್ವಾ?"

ಗಂಡಸರ ಜೊತೆ ರೇಟು ಮಾತಾಡುವಾಗ ಅವರು ಬಾಯಿ ತೆರೆಯುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ಇಬ್ಬರ ಕೈ ಮೇಲೂ ಹೊದಿಸಿ ಒಳಗೆ ಬೆರಳು ಹಿಡಿಯುತ್ತಿದ್ದರು. ಬೆರಳು ಮಡಚಿದರೆ ಒಂದು ಅರ್ಥ, ಚಾಚಿದರೆ ಒಂದು ಅರ್ಥ. ದನದ ಸಂತೆಯ ಪದ್ಧತಿ ಅದು, ಅವರ ಅಪ್ಪನ ಕಾಲದಲ್ಲೇ ಮಂಡಿಗೆ ಬಂದಿತ್ತಂತೆ. ತೊಡೆಗೆ ತೊಡೆ ತಾಗಿಸಿ ಕೂತವನಿಗೂ ಪಕ್ಕದವನ ರೇಟು ಗೊತ್ತಾಗದು. ಟವೆಲು ತೆಗೆದಾಗ ಇಬ್ಬರ ಮುಖವೂ ಗೋಡೆಯ ಹಾಗಿರುತ್ತಿತ್ತು.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಂಡಿಗೆ ನಾನೇ ಹೋಗಬೇಕಾಯಿತು. ಮಗ ಬಸ್ಸು ಓಡಿಸುತ್ತಾನೆ, ತೋಟದ ಕಡೆ ತಲೆ ಹಾಕುವುದಿಲ್ಲ. ಮೊದಲ ಸಲ ಹೋದಾಗ ಸಾಹೇಬರ ಕೈ ಅಭ್ಯಾಸದಂತೆ ಟವೆಲಿಗೆ ಹೋಯಿತು. ನನ್ನ ಮುಖ ನೋಡಿ ನಿಂತಿತು. ಪರಹೆಂಗಸಿನ ಬೆರಳು ಹಿಡಿಯುವುದು ಹೇಗೆ? ಬೆಂಚಿನ ಮೇಲಿದ್ದವರು ಕಿಸಕ್ಕೆಂದರು. ಸಾಹೇಬರು ಚಾ ಅಂಗಡಿಯಿಂದ ಒಂದು ಸಾಸರು ತರಿಸಿದರು. ಅದರಲ್ಲಿ ಕಾಫಿ ಕಾಳು ಸುರಿದು, "ಇದು ಸುಗ್ಗೀಲಿ ಬರಬೋದು ಅಂತ ನನ್ ಅಂದಾಜಿನ ರೇಟು, ಒಂದ್ ಕಾಳು ಅಂದ್ರೆ ಮೂಟೆಗೆ ಇನ್ನೂರು" ಎಂದರು. ಆಮೇಲೆ ಒಂದೊಂದೇ ಕಾಳು ಹೊರಗೆ ತೆಗೆಯತೊಡಗಿದರು, ಕೊನೆಗೆ ಉಳಿದಷ್ಟೇ ನನ್ನ ರೇಟು.

"ಇವು ಸರ್ಕಾರದ ಕಾಳು. ಇವು ಕಾಯೋ ಕಾಳು."

ಕೊನೆಗೆ ಒಂದನ್ನು ಬೆರಳ ತುದಿಯಲ್ಲಿ ಹಿಡಿದು, "ಇದೊಂದು ಹೆದರಿಕೆ ಕಾಳು" ಎಂದರು.

ಬೆಂಚಿನ ಮೇಲಿದ್ದ ಅಷ್ಟೂ ಜನ ನೋಡಿದರು. ನಾನು ನೆಲ ನೋಡಿದೆ. ಯಾವುದರ ಹೆದರಿಕೆ ಎಂದು ಕೇಳಲಿಲ್ಲ. ಎಲ್ಲರಿಗೂ ಮುಖಕ್ಕೆ ಹೊಡೆದಂತೆ ಮಾತಾಡುವವಳು ಎಂದು ಹೆಸರಾದ ನಾನು ಅದೊಂದನ್ನು ಮಾತ್ರ ವರ್ಷಗಟ್ಟಲೆ ಕೇಳಲಿಲ್ಲ. ಕೇಳದೆಯೇ ಗೊತ್ತು ಎಂದುಕೊಂಡಿದ್ದೆ.

ಗೊತ್ತು ಎಂದುಕೊಂಡಿದ್ದು ಇದು. ಮಗ ಇನ್ನೂ ಚಿಕ್ಕವನಿದ್ದಾಗ ಒಂದು ವರ್ಷ ಸುಗ್ಗಿಯ ಹೊತ್ತಿಗೆ ರೇಟು ಏರಿತು. ನಮ್ಮ ಯಜಮಾನರು ಹೂವಿನ ರೇಟಿಗೆ ಸಾಹೇಬರಿಂದ ದುಡ್ಡು ತಂದಿದ್ದವರು, ಹಣ್ಣಿನ ಮುಕ್ಕಾಲು ಭಾಗವನ್ನು ಆಲೂರು ರಸ್ತೆಯಲ್ಲಿ ಲಾರಿ ನಿಲ್ಲಿಸಿಕೊಂಡು ಕೊಳ್ಳುತ್ತಿದ್ದವನಿಗೆ ಮಾರಿಬಿಟ್ಟರು. ಮಂಡಿಗೆ ಹೋಗಿ, ಮಳೆಗೆ ಕಾಯಿ ಉದುರಿಹೋಯಿತು ಎಂದರು. ಸಾಹೇಬರು ಮರುದಿನ ಮನೆಗೆ ಬಂದರು. ಕೊಡೆಯ ಕೊಕ್ಕೆಯಲ್ಲಿ ರೆಂಬೆ ಬಗ್ಗಿಸಿ ತೊಟ್ಟು ನೋಡಿದರು. ಕೊಳೆತು ಉದುರಿದ ಕಾಯಿಯ ತೊಟ್ಟು ಕಪ್ಪಗಿರುತ್ತದೆ, ಕೈಯಲ್ಲಿ ಕಿತ್ತಿದ್ದರೆ ಹಾಗಿರುವುದಿಲ್ಲ. ಅಂಥದ್ದು ಅವರಿಗೆ ತಿಳಿಯದೆ ಇರುತ್ತದೆಯೇ? ಜಗಲಿಗೆ ಬಂದು ಕೂತು ನಮ್ಮ ಉದುರು ಕಾಫಿಯನ್ನು ಪೂರ್ತಿ ಕುಡಿದರು. ಅಂದು ಮುಖ ಹುಳ್ಳಗೆ ಮಾಡಲಿಲ್ಲ. "ಹೌದು, ಈ ಸಲ ಮಳೆ ಜೋರು" ಎಂದು ಎದ್ದು ಹೋದರು. ನಮ್ಮ ಯಜಮಾನರು ಅಂದು ತಟ್ಟೆ ಮುಂದೆ ಕೂತವರು ಅನ್ನ ಮುಟ್ಟದೆ ಕೈ ತೊಳೆದುಕೊಂಡರು.

ಮರುವರ್ಷ ಅವರು ಮಂಡಿಗೆ ಹೋಗಿ ಬಂದಾಗ ಎಷ್ಟಕ್ಕಾಯಿತು ಎಂದು ಕೇಳಿದೆ. ಹೇಳಲಿಲ್ಲ. ಟವೆಲಿನ ಒಳಗಿನ ಮಾತು ಟವೆಲಿನ ಒಳಗೇ ಉಳಿಯಿತು.

ಹಾಗಾಗಿ ಸಾಸರಿನಿಂದ ಆ ಕಾಳು ಹೊರಗೆ ಬಂದಾಗಲೆಲ್ಲ ನಾನು ಅದರಲ್ಲಿ ನನ್ನ ಗಂಡನ ಮುಖ ನೋಡುತ್ತಿದ್ದೆ. ಇವರು ಸತ್ತರೂ ಇವರ ಸುಳ್ಳು ಸತ್ತಿಲ್ಲ, ನಾನು ಅದಕ್ಕೆ ಮೂಟೆಗೆ ಇನ್ನೂರರಂತೆ ಕಟ್ಟುತ್ತಿದ್ದೇನೆ ಎಂದು ಹಲ್ಲು ಕಚ್ಚುತ್ತಿದ್ದೆ. ಮೇಲಿನ ತೋಟದ ರುದ್ರಪ್ಪ ಬೇರೆ ಬೆಂಚಿನ ಮೇಲಿಂದ ಗಾಯಕ್ಕೆ ಉಪ್ಪು ಸವರುತ್ತಿದ್ದ.

"ನಮಗೆ ಟವೆಲ್ ಒಳಗೆ ಹೆದರಿಕೆ ಗಿದರಿಕೆ ಏನಿಲ್ಲ ಕಣಕ್ಕ. ಪಾಪ, ಒಬ್ಬಂಟಿ ಹೆಂಗಸು ಅಂತ ನಿನಗೆ ಹಾಕ್ತಾರೆ."

ಬೆಂಚಿನವರೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಊರಿನಲ್ಲಿ ಬಯಲಲ್ಲಿ ಕಾಣುತ್ತಿದ್ದ ರೇಟು ನನ್ನದೊಂದೇ. ಅದಕ್ಕೇ ಅದು ಎಲ್ಲರದಕ್ಕಿಂತ ಕಡಿಮೆ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಮೊದಲು ನಾನೇ ನಂಬಿದ್ದೆ.

ಕಾಯುವ ಕಾಳಿನ ಬಗ್ಗೆ ತಕರಾರಿರಲಿಲ್ಲ. ಹೂವಿನಲ್ಲಿ ದುಡ್ಡು ತೆಗೆದುಕೊಂಡರೆ ಹೆಚ್ಚು ಕಾಳು, ಕಾಯಿ ಕಟ್ಟಿದ ಮೇಲೆ ತೆಗೆದುಕೊಂಡರೆ ಕಡಿಮೆ, ಹಣ್ಣಾದ ಮೇಲೆ ಬಂದರೆ ಕಾಯುವುದೇ ಇಲ್ಲ. ದೂರದ್ದು ತುಟ್ಟಿ, ಹತ್ತಿರದ್ದು ಅಗ್ಗ. ಇದು ಯಾರಿಗೂ ಅರ್ಥವಾಗುತ್ತದೆ. ಅರ್ಥವಾಗದೆ ಇದ್ದದ್ದು ಸರ್ಕಾರದ ಕಾಳು. ಈಚೆಗೆ ಕೆಲವು ವರ್ಷ ಅದು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಬೆಂಚಿನವರು ಗೊಣಗಿದರು.

"ದುಡ್ಡು ನನ್ನದಲ್ಲ ಮಾರಾಯ್ರೆ," ಎಂದರು ಸಾಹೇಬರು. "ಮಂಗಳೂರಿನ ದೊಡ್ಡ ವ್ಯಾಪಾರದವ್ರದ್ದು. ಅವರು ಅದನ್ನ ಸರ್ಕಾರಕ್ಕೆ ಕೊಟ್ಟು ಒಂದು ಪತ್ರ ಬರ್ಸ್ಕೊಂಡ್ರೆ ಮಲಗಿದ್ದಲ್ಲೇ ಇಷ್ಟು ಬರುತ್ತೆ. ಅಷ್ಟಾದ್ರೂ ನಿಮ್ ಕಾಫೀಲಿ ಬರ್ದೆ ಇದ್ರೆ ನನಗ್ಯಾಕೆ ಕೊಡ್ತಾರೆ? ಮುಂಬಯೀಲಿ ಸರ್ಕಾರದ ಬ್ಯಾಂಕಿನವ್ರು ಒಂದ್ ಗೆರೆ ಏರಿಸಿದ್ರೆ ನಾನಿಲ್ಲಿ ಒಂದ್ ಕಾಳು ತೆಗೀಲೇಬೇಕು."

"ಸರ್ಕಾರದ ಪತ್ರದಲ್ಲಿ ಹೆದರಿಕೆ ಕಾಳು ತೆಗೆಯಲ್ವಾ?" ಎಂದು ನಾನು ಚುಚ್ಚಿದೆ.

ಅವರು ಬಾಯಿ ತುಂಬ ನಕ್ಕರು. "ನೋಟು ಅಚ್ಚಾಕೋ ಮಿಷನ್ನೇ ಅವರ ಮನೇಲೈತೆ. ಅವರಿಗೆ ಯಾರಮ್ಮ ಹೆದರ್ತಾರೆ?"

ಅಂದು ನನ್ನ ಜೊತೆ ಮೊಮ್ಮಗಳು ಚೈತ್ರ ಬಂದಿದ್ದಳು. ಪೇಟೆಯ ಕಾಲೇಜಿನಲ್ಲಿ ಬಿಕಾಂ ಓದುತ್ತಾಳೆ. ತೋಟದ ಮೇಲೆ ಆಸೆ ಇರುವುದು ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ. ಅವಳು ಸುಮ್ಮನಿರಲಿಲ್ಲ. "ಹಂಗಲ್ಲ ತಾತ. ನೋಟು ಜಾಸ್ತಿ ಅಚ್ಚಾಕಿದ್ರೆ ನೋಟಿನ ಬೆಲೆನೇ ಇಳಿಯುತ್ತೆ. ನಾಳೆ ಬರೋ ನೂರು ರೂಪಾಯಿಗೆ ಇವತ್ತಿನಷ್ಟು ಅಕ್ಕಿ ಬರಲ್ಲ. ಜನ ಅದಕ್ಕೂ ಹೆದರ್ತಾರೆ, ಅದನ್ನೂ ಸೇರ್ಸೇ ಕೇಳ್ತಾರೆ."

ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿ, ಪರದೆಯ ಕಡೆ ತಿರುಗಿ, "ಕೇಳಿದ್ಯಾ? ಇದು ನನಗ್ ಹೊಳೆದಿರ್ಲಿಲ್ಲ" ಎಂದು ಮಗಳಿಗೆ ಕೂಗಿ ಹೇಳಿದರು. ನಮ್ಮಿಬ್ಬರಿಗೂ ಚಾ ತರಿಸಿದ್ದು ಅದೊಂದೇ ಸಲ. ದುಡ್ಡು ಅವರೇ ಕೊಟ್ಟರು. ಅದನ್ನೂ ಹೇಳಬೇಕು, ಅಪರೂಪಕ್ಕೆ ನಡೆದ ಸಂಗತಿ.

ಬಸ್ಸಿನಲ್ಲಿ ಚೈತ್ರ ಆ ಪತ್ರದ ವಿಷಯ ಬಿಡಿಸಿ ಹೇಳಿದಳು. ಪತ್ರವನ್ನು ಮಧ್ಯದಲ್ಲಿ ಬೇರೆಯವರಿಗೆ ಮಾರಲೂಬಹುದಂತೆ. ಹೊಸ ಪತ್ರಕ್ಕೆ ಹೆಚ್ಚು ಫಲ ಬರುವ ಕಾಲದಲ್ಲಿ ಹಳೆಯದರ ಬೆಲೆ ಬೀಳುತ್ತದಂತೆ. ನನಗೆ ತಲೆಗೆ ಹೋಗಲಿಲ್ಲ. ಆಗ ಅವಳು ಹಸುವಿನ ಲೆಕ್ಕಕ್ಕೆ ಬಂದಳು.

"ನಿನ್ ಹಸು ಐದು ಲೀಟರ್ ಕೊಡುತ್ತೆ. ಸಂತೆಗೆ ಆರು ಲೀಟರ್ ಕೊಡೋ ಹಸು ಬಂದ್ವು. ನಿನ್ ಹಸು ಬೆಲೆ ಏನಾಯ್ತಜ್ಜಿ?"

"ಇಳೀತು."

"ಇಳಿದ ಬೆಲೆಗೆ ಕೊಂಡೋನಿಗೆ?"

"ಹಾಲು ಅಷ್ಟೇ. ಹಾಕಿದ ದುಡ್ಡು ಕಮ್ಮಿ. ಅವನಿಗೆ ಲಾಭ."

"ಅಷ್ಟೇ ಕಣಜ್ಜಿ. ಬೆಲೆ ಇಳಿದ್ರೆ ಫಲ ಏರುತ್ತೆ."

ನಾನು ಕಿಟಕಿ ಕಡೆ ತಿರುಗಿದೆ. ನನ್ನ ಕಾಫಿಯೂ ಊರವರ ಕಾಫಿಯೂ ಒಂದೇ. ನನ್ನದನ್ನು ಕಡಿಮೆಗೆ ಕೊಳ್ಳುತ್ತಾರೆ. ಹಾಗಾದರೆ ಈ ಮಂಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಕರೆಸಿಕೊಂಡ ಹಸು ನಾನೇ. ತೋಟವನ್ನು ಚೈತ್ರಳ ಹೆಸರಿಗೆ ಮಾಡುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಮಾಡುವ ಮೊದಲು ಆ ಕಾಳು ಹೋಗಬೇಕು. ತಾತನ ಕಳಂಕ ಮೊಮ್ಮಗಳ ಸಾಸರಿಗೆ ಬರಕೂಡದು. ನನಗೆ ಬೇಕಾದದ್ದು ಅದೊಂದೇ.

ಹೋದ ವರ್ಷದ ಹೂಮಳೆಗೆ ಮಂಡಿ ತುಂಬಿತ್ತು. ಚೈತ್ರ ನನ್ನ ಪಕ್ಕದಲ್ಲಿ ನಿಂತಿದ್ದಳು. ಸಾಹೇಬರು ಸೊರಗಿದ್ದರು. ಸರ್ಕಾರದ ಕಾಳು ತೆಗೆದರು, ಕಾಯುವ ಕಾಳು ತೆಗೆದರು. ಕೊನೆಯದಕ್ಕೆ ಕೈ ಹಾಕಿದಾಗ ನಾನು ಸಾಸರಿನ ಮೇಲೆ ಅಂಗೈ ಮುಚ್ಚಿದೆ.

"ಇದನ್ನ ಇನ್ನೆಷ್ಟು ವರ್ಷ ತೆಗೀತೀರ?"

"ಯಾವುದನ್ನಮ್ಮ?"

"ಹೆದರಿಕೆ ಕಾಳು. ನಾನು ಒಂದು ವರ್ಷ ಆದ್ರೂ ಕಮ್ಮಿ ತಂದಿದ್ದೀನಾ? ಹೇಳಿ."

ಸಾಹೇಬರು ಬೆಂಚಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಇಲ್ಲಿ ಬ್ಯಾಡ ಅಮ್ಮ. ಒಳಗೆ ಬನ್ನಿ, ಮಗಳು ಚಾ ಮಾಡ್ತಾಳೆ, ಕೂತು ಮಾತಾಡಾನ" ಎಂದರು.

ನನ್ನ ಬಾಯಿ ಮುಚ್ಚಿಸಲು ಕರೆಯುತ್ತಿದ್ದಾರೆ ಎಂದು ನನಗನ್ನಿಸಿತು. "ಒಳಗ್ಯಾಕೆ? ಬಯಲಲ್ಲಿ ತೆಗೀತೀರಲ್ಲ, ಬಯಲಲ್ಲೇ ಕೇಳ್ತೀನಿ. ನಮ್ಮನೆಯವ್ರು ನಿಮ್ ದುಡ್ಡು ತಗೊಂಡು, ಆಲೂರ್ ರೋಡಲ್ಲಿ ಲಾರಿಯವ್ನಿಗೆ ಕಾಫಿ ಮಾರ್ಕೊಂಡ್ರು. ಹೌದು, ಮಾರ್ಕೊಂಡ್ರು! ಕಾಯಿ ಉದುರ್ತು ಅಂತ ನಿಮಗೆ ಸುಳ್ಳು ಹೇಳಿದ್ರು. ಅವರು ಮಣ್ಣಾದ್ರು. ಅವರ ಕಳ್ಳತನಕ್ಕೆ ನಾನಿನ್ನೂ ಕಟ್ತಾನೇ ಇರ್ಬೇಕಾ? ನಾಳೆ ಈ ಹುಡ್ಗೀನೂ ಕಟ್ಬೇಕಾ?"

ತಕ್ಕಡಿಯವನೂ ಕೈ ನಿಲ್ಲಿಸಿದ. ಸಾಹೇಬರ ಮುಖ ನೋಡಬೇಕಿತ್ತು, ಹೊಡೆಸಿಕೊಂಡವರ ಹಾಗಿತ್ತು. ಸಿಕ್ಕಿಬಿದ್ದಿದ್ದಕ್ಕೆ ಹಾಗಾದರು ಎಂದು ಅಂದು ತಿಳಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಆಯ್ತಮ್ಮ. ಕಾಳು ನಿಮ್ದೇ. ನನ್ ಮಂಡೀಲಿ ಇನ್ಮೇಲೆ ನಿಮಗೆ ಹೆದರಿಕೆ ಕಾಳಿಲ್ಲ. ಮಾತು ಕೊಟ್ಟೆ."

ಗೆದ್ದೆ ಎಂದು ಬೀಗುತ್ತ ಬಸ್ಸು ಹತ್ತಿದೆ. ದೋಣಿಗಾಲ್ ಕಡೆ ಹೋಗುವ ಬಸ್ಸೋ ನಮ್ಮ ಬಸ್ಸೋ ಎಂದು ಸಹ ನೋಡಲಿಲ್ಲ, ಕಂಡಕ್ಟರು ಇಳಿಸಿ ಬೇರೆ ಬಸ್ಸು ತೋರಿಸಿದ. ಸೀಟು ಸಿಕ್ಕಿ ಕೂತ ಮೇಲೆ ಚೈತ್ರ ಮೆಲ್ಲಗೆ, "ತಾತ ಹಂಗ್ ಮಾಡಿದ್ರಾ ಅಜ್ಜಿ?" ಎಂದಳು. ಅವಳಿಗೆ ತಾತನೆಂದರೆ ಗೋಡೆಯ ಮೇಲಿನ ಫೋಟೊ, ಅದಕ್ಕೆ ಹಾಕುವ ಕಾಕಡ ಹೂವು.

ಆಷಾಢದಲ್ಲಿ ಸಾಹೇಬರು ಹೋದರು. ಮಂಡಿಯ ಮುಂದೆ ಮಗಳು ಕೂತಳು. ಅಪ್ಪನ ಮಾತು, ಅಪ್ಪನ ಕೊಡುವ ಕೊಳ್ಳುವ ಕ್ರಮ ಯಾವುದನ್ನೂ ಬಿಡಲಿಲ್ಲ.

ಸುಗ್ಗಿಗೆ ಮುಂಚೆ ಆನೆ ಇಳಿದವು. ಅವು ನಮ್ಮಲ್ಲಿಗೆ ಬರುವುದು ಹೊಸದಲ್ಲ, ಆದರೆ ಮರಿ ಕಟ್ಟಿಕೊಂಡ ದೊಡ್ಡ ಹಿಂಡು ರುದ್ರಪ್ಪನ ತೋಟ ಹಾಯ್ದು ನೇರ ನಮ್ಮ ಕೆಳಗಿನ ತಾಕಿಗೆ ಬಂದು ಅಲ್ಲೇ ಬೀಡುಬಿಟ್ಟಿತು. ಕೆಂಪಗೆ ತೂಗುತ್ತಿದ್ದ ಗಿಡಗಳು ಬುಡಸಮೇತ ಮಲಗಿದವು. ಉಳಿದದ್ದನ್ನು ಒಣಗಿಸಿ ನೋಡಿದರೆ ಮಂಡಿಗೆ ಕೊಡಬೇಕಾದದ್ದಕ್ಕೆ ಬಹಳ ಕೊರೆ. ಆ ವರ್ಷವೇ ರೇಟೂ ಏರಿತ್ತು. ಊರ ಬಾಗಿಲಿಗೆ ಪಿಕಪ್ಪು ತಂದು ಕೊಳ್ಳುವವರು ಬಂದಿದ್ದರು.

ಇದ್ದ ಮೂಟೆ ಹೇರಿಕೊಂಡು ನಾನು, ಚೈತ್ರ ಮಂಡಿಗೆ ಹೋದೆವು. ಸಾಹೇಬರ ಮಗಳಿಗೆ, "ಆನೆ ಮುರಿದಾಕ್ಬುಟ್ವು ಕಣವ್ವ, ಇಷ್ಟೇ ಉಳಿದದ್ದು" ಎಂದೆ.

ಬೆಂಚಿನಿಂದ ರುದ್ರಪ್ಪನ ದನಿ ಬಂತು. "ಯಾವ ಆನೆ ಅಕ್ಕ? ಕಾಡಿಂದ ಬಂದದ್ದೋ, ಇಲ್ಲ ಆಲೂರ್ ರೋಡಲ್ಲಿ ಚಕ್ರದ ಮೇಲೆ ಬರುತ್ತಲ್ಲ, ನಿಮ್ಮನೆಯ ಹಳೇ ಆನೆ, ಅದೋ?"

ಬೆಂಚು ಪೂರ್ತಿ ನಕ್ಕಿತು. ಆನೆ ಇಳಿದದ್ದು ಅವನದೇ ಬೇಲಿ ಮುರಿದು. ಅವನಿಗೆ ಗೊತ್ತು. ಆದರೂ ಅಂದ, ನಕ್ಕವರಲ್ಲಿ ಅರ್ಧ ಜನ ನಂಬಿಯೂ ನಂಬಿದರು. ಅವರ ಕೈಗೆ ಆ ಮಾತು ಕೊಟ್ಟವಳು ನಾನೇ. ನಾನು ಕೂಗುವವರೆಗೆ ಆ ಬೆಂಚಿನ ಮೇಲೆ ಒಬ್ಬನಿಗೂ ಆಲೂರು ರಸ್ತೆಯ ಲಾರಿ ಗೊತ್ತಿರಲಿಲ್ಲ. ಸಾಹೇಬರು ಅಷ್ಟು ವರ್ಷ ಯಾರ ಮುಂದೆಯೂ ಉಸುರಿರಲಿಲ್ಲ. ಅದು ನನಗೆ ಹೊಳೆದದ್ದು ಆ ನಗೆಯ ಮಧ್ಯೆ.

ಮಗಳು ತಕ್ಕಡಿಯಿಂದ ತಲೆ ಎತ್ತಿದಳು. "ರುದ್ರಪ್ಪಣ್ಣ, ಅಪ್ಪನ ಟವೆಲ್ ಒಳಗಿದ್ದದ್ದೆಲ್ಲ ನಾನು ಪರದೆ ಹಿಂದೆ ಬರ್ಕೊಂಡಿದ್ದೀನಿ. ಓದೋಕೆ ಶುರು ಮಾಡ್ಲಾ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಬೀಡಿಗೆಂದು ಹೊರಗೆ ಹೋದ. ಅವಳು ನನ್ನನ್ನು ಪರದೆಯ ಒಳಗೆ ಕರೆದಳು. ಈ ಸಲ ಹೋದೆ.

"ಕೊರೆ ಬಿದ್ದಿದ್ದು ಬುಡಿ ಅಜ್ಜಿ. ಆನೆಗೆ ಯಾರೇನ್ ಮಾಡೋಕಾಗುತ್ತೆ? ಅದಕ್ಕೇ ತಾನೆ ಅಪ್ಪ ಅಷ್ಟ್ ವರ್ಷ ನಿಮ್ ಸಾಸರಿಂದ ಒಂದ್ ಕಾಳು ತೆಗೀತಿದ್ದದ್ದು."

"ಯಾತಕ್ಕೆ?"

"ಆನೆಗೆ. ಕಾಡಂಚಿನ ತೋಟಕ್ಕೆಲ್ಲ ಒಂದೊಂದು ಕಾಳು ಐತಲ್ಲ. ಒಬ್ಬರಲ್ಲ ಒಬ್ಬರ ತೋಟಕ್ಕೆ ಇಳೀತಾವೆ. ಎಲ್ಲರ ಕಾಳು ಸೇರಿದ್ರೆ ಮುರಿದೋರ ನಷ್ಟ ತುಂಬುತ್ತೆ."

"ನಮ್ಮನೆಯವ್ರದ್ದಕ್ಕೆ ಅಲ್ವಾ?"

"ಅದನ್ನ ಆ ಮಾರನೇ ವರ್ಷವೇ ಟವೆಲ್ ಒಳಗೆ ಮುರ್ಕೊಂಡು ಮುಗಿಸಿದ್ರಂತೆ. ನಿಮ್ ಯಜಮಾನ್ರೂ ಒಪ್ಪಿ ಬೆರಳು ಹಿಡಿದ್ರಂತೆ. ಒಂದೇ ವರ್ಷ. ನಿಮಗ್ಯಾಕೆ ಹಾಕ್ತಾರೆ?"

"ಹಂಗಂತ ಅವತ್ತು ಬಾಯ್ಬಿಟ್ಟು ಹೇಳ್ಬೋದಿತ್ತಲ್ಲವ್ವ, ಆನೆಗೆ ಅಂತ!"

"ಬೆಂಚಿನ ಮುಂದೆ ಹೆಂಗ್ ಹೇಳ್ತಾರೆ? ಅಜ್ಜಿ ಹತ್ರ ಆನೆಗೆ ಅಂತ ಒಂದೇ ಕಾಳು ತೆಗೆದ್ರೆ, ನನ್ನ ಹತ್ರ ಅದಕ್ಕಿಂತ ಜಾಸ್ತಿ ಯಾತಕ್ಕೆ ತೆಗೀತಾರೆ ಅಂತ ಒಬ್ಬೊಬ್ರೂ ಎಣಿಸೋಕೆ ಕೂರ್ತಾರೆ. ಕುಡಿಯೋದಕ್ಕೆ, ಪಾಲಿನ ಕೇಸಿಗೆ, ಬೇರೆಯವ್ರಿಗೆ ಮಾರೋದಕ್ಕೆ ಅಂತ ಎಲ್ಲಾ ಹೊರಗೆ ಬೀಳುತ್ತೆ. ಯಾರಿಗೆಷ್ಟು ಅಂತ ನಾನೂ ಹೇಳಲ್ಲ. ಎಲ್ಲರಿಗಿಂತ ಕಮ್ಮಿ ತೆಗೀತಿದ್ದದ್ದು ನಿಮಗೆ, ಅಷ್ಟು ಹೇಳ್ತೀನಿ." ಅವಳು ತೂಕದ ಚೀಟಿಗಳನ್ನು ಪಕ್ಕಕ್ಕೆ ಸರಿಸಿದಳು. "ಒಳಗೆ ಬನ್ನಿ ಅಂತ ಅಪ್ಪ ಕರೆದ್ರು. ನಾನು ಚಾಕ್ಕೆ ನೀರೂ ಇಟ್ಟಿದ್ದೆ. ಅವತ್ತು ಮನೆಗ್ ಬಂದು ಊಟಕ್ಕೆ ಕೂರ್ಲಿಲ್ಲ. ಸತ್ತವನ ಮಾನ ಅಷ್ಟು ದಿನ ನನ್ ಹತ್ರ ಇತ್ತು, ಬೀದಿಗೆ ಬಿತ್ತಲ್ಲ ಅಂದ್ರು."

ನಾನು ಅಳುವವಳಲ್ಲ. ಅಂದೂ ಅಳಲಿಲ್ಲ. ಕೂತಲ್ಲೇ ಸೆರಗು ಹಿಂಡುತ್ತಿದ್ದೆ ಎಂದು ಆಮೇಲೆ ಚೈತ್ರ ಹೇಳಿದಳು. ಹೆದರಿಕೆ ಕಾಳು ತೆಗೆಯದ ವರ್ಷವೇ ಆನೆ ಬಂದದ್ದು. ಆ ನಷ್ಟ ಪೂರ್ತಿ ಆ ಹೆಣ್ಣುಮಗಳ ತಲೆಗೆ. ತುಂಬಿಕೊಡುತ್ತೇನೆ ಎಂದೆ. ಹೂವು ಕೊಂಡವರದು ಹೂವಿನ ನಷ್ಟ, ಅದು ಅಪ್ಪನ ಕ್ರಮ ಎಂದು ಒಪ್ಪಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ವರ್ಷಗಳಿಂದ ಉದ್ರಿ ಕೊಡುತ್ತಿದ್ದ ಗೊಬ್ಬರದಂಗಡಿಯವನು, "ಅಜ್ಜಿ, ಈ ಸಲ ಕ್ಯಾಶ್ ಆದ್ರೆ ನೋಡಿ" ಎಂದ. ಕೂಲಿಯ ಮೇಸ್ತ್ರಿ ಮುಂಗಡ ಇಟ್ಟರೆ ಆಳು ಕಳಿಸುತ್ತೇನೆ ಎಂದ. ಯಾರೂ ಕಾರಣ ಹೇಳಲಿಲ್ಲ. ಇಲ್ಲದ ಹೆದರಿಕೆಯೊಂದನ್ನು ನಾನೇ ಕೂಗಿ ಊರಿಗೆ ಹಂಚಿ ಬಂದಿದ್ದೆ. ಈಗ ಅವರು ತಮ್ಮ ತಮ್ಮ ಕಾಳು ತೆಗೆಯುತ್ತಿದ್ದರು.

ಈ ವರ್ಷ ಹೂಮಳೆ ಸರಿಯಾದ ಹೊತ್ತಿಗೆ ಬಿತ್ತು. ಸಾಹೇಬರ ಮಗಳು ಗಂಡಸರ ಬೆರಳು ಹಿಡಿಯುವ ಹಾಗಿಲ್ಲ, ಅದಕ್ಕೆ ಒಬ್ಬೊಬ್ಬರನ್ನೇ ಪರದೆಯ ಒಳಗೆ ಕರೆದು ಸಾಸರು ಇಡುತ್ತಾಳೆ. ನನ್ನನ್ನೂ ಕರೆದಳು.

"ಇಲ್ಲೇ ಮಡಗವ್ವ. ಊರಿಗೆಲ್ಲ ಗೊತ್ತಿರೋಳಿಗೆ ಪರದೆ ಯಾತಕ್ಕೆ?" ಎಂದು ಬೆಂಚಿನ ಮುಂದೆಯೇ ಕೂತೆ. ಚೈತ್ರ ಪಕ್ಕದಲ್ಲಿದ್ದಳು. ತೋಟ ಈಗ ಅವಳ ಹೆಸರಿಗಾಗಿದೆ.

ಸಾಹೇಬರ ಮಗಳು ಸರ್ಕಾರದ ಕಾಳು ತೆಗೆದಳು. ಮುಂಬಯಿಯವರು ಇಳಿಸಿದ್ದಾರಂತೆ, ಒಂದು ಕಡಿಮೆಯಾಗಿತ್ತು. ಕಾಯುವ ಕಾಳು ತೆಗೆದಳು. ಅಲ್ಲಿಗೆ ಸಾಸರನ್ನು ನನ್ನ ಕಡೆ ಸರಿಸಿದಳು.

"ಮುಂದಿಂದೂ ತೆಗಿ," ಎಂದೆ.

"ಅಪ್ಪ ಮಾತು ಕೊಟ್ಟಿದಾರೆ. ನಾನು ಮುಟ್ಟಲ್ಲ."

ನಾನೇ ಒಂದು ಕಾಳು ತೆಗೆದು ಅವಳ ಮುಂದಿಟ್ಟೆ. "ಇದು ಆನೆಗೆ" ಎಂದೆ. ಬೆಂಚಿನವರಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಎಂದೆ.

ಆಮೇಲೆ ಇನ್ನೊಂದನ್ನೂ ತೆಗೆದೆ. ಚೈತ್ರ ನನ್ನ ಮಣಿಕಟ್ಟು ಹಿಡಿದು, "ಅಜ್ಜಿ, ಬೇಡ" ಎಂದಳು. ಬಿಡಿಸಿಕೊಂಡು ಅದನ್ನು ಮೊದಲನೆಯದರ ಪಕ್ಕದಲ್ಲಿಟ್ಟೆ. ಇದು ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ಅದೂ ಆನೆಗೇ, ನಮ್ಮನೆಯ ಹಳೇ ಆನೆಗೆ ಎನ್ನುತ್ತಿದ್ದೆ. ರುದ್ರಪ್ಪನೂ ಇದ್ದ, ಅವನೂ ಸಾಸರನ್ನೇ ನೋಡುತ್ತಿದ್ದ. ಯಾರೂ ಕೇಳಲಿಲ್ಲ.